ಸಿರಿಲ್ ಮಾಮ್ ಕಳೆಯದ ಪೆಟ್ಟಿಗೆ

ಸಿರಿಲ್ ಮಾಮ್ ಯಾವುದನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಒಂದು ಕಾರನ್ನು ಪೂರ್ತಿ ಬಿಚ್ಚಿ, ಅದರ ನಟ್ಟು, ಬೋಲ್ಟು, ಸ್ಕ್ರೂಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗಳಿಗೆ ಸುರಿದಿಡುತ್ತಿದ್ದರು. ಡಬ್ಬಿಯ ಮೇಲೆ ಒಂದು ಚೀಟಿಯೂ ಇರುತ್ತಿರಲಿಲ್ಲ. ನಾಲ್ಕು ತಿಂಗಳ ಮೇಲೆ ಯಾವುದೋ ಒಂದು ಸ್ಕ್ರೂ ಎತ್ತಿ ಕೊಟ್ಟರೆ ಬೆರಳುಗಳ ನಡುವೆ ಒಮ್ಮೆ ಉರುಳಿಸಿ, "ಇದು ಎಡಬದಿ ಬಾಗಿಲಿನದ್ದು. ಕೆಳಗಿನ ಕೀಲು. ತಲೆ ಸ್ವಲ್ಪ ಸವೆದಿದೆ ನೋಡು" ಎನ್ನುತ್ತಿದ್ದರು. ಪರೀಕ್ಷೆ ಮಾಡಿ ಮಾಡಿ ನಾವೇ ಸೋತಿದ್ದೆವು.

ದುಬೈನ ರಾಸ್ ಅಲ್ ಖೋರ್‌ನಲ್ಲಿ ಹಳೆಯ ಕಾರುಗಳನ್ನು ಹೊಸತು ಮಾಡುವ ವರ್ಕ್‌ಶಾಪ್ ನಮ್ಮದು. ಹಡಗಿನಲ್ಲಿ ಬಂದ ಕಾರುಗಳನ್ನು ಕಸ್ಟಮ್ಸ್‌ನಿಂದ ಬಿಡಿಸುವ ಕಾಗದಪತ್ರ ನನ್ನ ಪಾಲಿನ ಕೆಲಸ. ಮೈಸೂರಿನಿಂದ ಬಂದಿದ್ದ ನನಗೆ ಕಾರೆಂದರೆ ನಮೂನೆಯಲ್ಲಿ ತುಂಬಿಸುವ ಸಾಲುಗಳು ಅಷ್ಟೇ. "ಬಾಯೆ, ಕಾಗದದಲ್ಲಿ ಎಂತ ಗೊತ್ತಾಗ್ತದೆ? ಇಲ್ಲಿ ಬಾ" ಎಂದು ಕರೆದು, ಚಾಸಿಯ ಮೇಲೆ ಕೈಯಾಡಿಸಿ ತುಕ್ಕು ಎಲ್ಲಿ ಶುರುವಾಗುತ್ತದೆಂದು ತೋರಿಸಿದವರು ಅವರು. ಅವರ ಕೊಂಕಣಿಯಲ್ಲಿ ಬಾಯೆ ಎಂದರೆ ಹುಡುಗಿ. ನನಗಾಗಲೇ ಮೂವತ್ತೆಂಟು.

ಅಮೆರಿಕದ ಆ ಕಾರು ಬಂದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅರವತ್ತರ ದಶಕದ್ದು, ಮೇಲ್ಛಾವಣಿ ಹಿಂದಕ್ಕೆ ಮಡಚುವಂಥದ್ದು. ಟೆಕ್ಸಾಸ್‌ನ ಯಾವುದೋ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ನಿಂತಿತ್ತಂತೆ. ತರಿಸಿದವರು ಅಬುಧಾಬಿಯ ಖಾಲಿದಿಯಾದ ಒಬ್ಬ ಅರಬ್ಬಿ ಹಿರಿಯರು. ಕಂಟೇನರ್ ಬಾಗಿಲು ತೆರೆದಾಗ ಸೀಟುಗಳಲ್ಲಿ ಇಲಿಗಳು ಕೊರೆದ ತೂತುಗಳು, ಡಿಕ್ಕಿಯ ತುಂಬ ಒಣಹುಲ್ಲು. ನಮ್ಮ ಮಾಲೀಕರು ತಲೆಯ ಮೇಲೆ ಕೈಯಿಟ್ಟುಕೊಂಡರು. ಸಿರಿಲ್ ಮಾಮ್ ಮಾತ್ರ ಟೋಪಿ ತೆಗೆದು ಬಾನೆಟ್ಟಿನ ಮೇಲೆ ಅಂಗೈ ಊರಿ, "ಪಾಪ, ಎಷ್ಟು ದೂರದಿಂದ ಬಂದಿದೆ ಮಾರಾಯ್ರೆ" ಎಂದರು.

ಕಾರಿನ ಜೊತೆ ಎಣ್ಣೆಜಿಡ್ಡಿನ ಒಂದು ರಟ್ಟಿನ ಪೆಟ್ಟಿಗೆಯೂ ಬಂದಿತ್ತು. ಮೇಲ್ಛಾವಣಿಯ ಹಿಡಿಕೆಗಳು, ಕೀಲುಗಳು, ಕ್ರೋಮ್ ಪಟ್ಟಿಗಳು ಅದರೊಳಗೆ ಹಳೆಯ ಪತ್ರಿಕೆಗಳಲ್ಲಿ ಸುತ್ತಿಕೊಂಡಿದ್ದವು. ಇನ್ನೆಲ್ಲಿಯೂ ಸಿಗದ ಸಾಮಾನು. ಸಿರಿಲ್ ಮಾಮ್ ಅದನ್ನು ತಮ್ಮ ಮೇಜಿನ ಕೆಳಗೆ ಇಟ್ಟುಕೊಂಡಿದ್ದರು.

ಒಂದು ಶನಿವಾರ ಖಾಲಿದಿಯಾದ ಹಿರಿಯರು ಕಾರು ನೋಡಲು ಬರುವುದಾಗಿ ಫೋನು ಮಾಡಿದರು. ಸಿರಿಲ್ ಮಾಮ್ ಎಂದಿನಂತೆ ವಾರದ ರಜೆಗೆ ಅಬುಧಾಬಿಗೆ, ಹೆಂಡತಿಯ ಬಳಿಗೆ ಹೋಗಿದ್ದರು. ವರ್ಕ್‌ಶಾಪ್ ಚೊಕ್ಕಟವಾಗಿರಲೆಂದು ನಾನು ಗುಜರಿಯವನನ್ನು ಕರೆಸಿ, ಮೇಜುಗಳ ಕೆಳಗಿದ್ದುದನ್ನೆಲ್ಲ ಅವನ ಪಿಕಪ್ಪಿಗೆ ಹಾಕಿಸಿದೆ. ಆ ಪೆಟ್ಟಿಗೆಯನ್ನು ಎತ್ತಿ ಕೊಟ್ಟದ್ದು ನಾನೇ. ತೆರೆದು ನೋಡಲಿಲ್ಲ. ರಜೆಯ ದಿನವಾದ್ದರಿಂದ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಬುಧವಾರ ಸಿರಿಲ್ ಮಾಮ್ ಆ ಪೆಟ್ಟಿಗೆಯನ್ನು ಹುಡುಕತೊಡಗಿದರು. ನಾನು ಹಿಂಬದಿಯ ಗಲ್ಲಿಗೆ ಹೋಗಿ ಗುಜರಿಯವನಿಗೆ ಫೋನು ಮಾಡಿದೆ. "ಮಾಫಿ, ಮೇಡಂ, ಈಗ ಏನೂ ಇಲ್ಲ. ಎಲ್ಲ ಕರಗಿಸಲು ಹೋಯಿತು" ಎಂದ. ಒಳಗೆ ಬಂದಾಗ ಮಾಲೀಕರು ಕೂಗಾಡುತ್ತಿದ್ದರು. ನನ್ನ ವೀಸಾ ನವೀಕರಣ ಅದೇ ತಿಂಗಳಿತ್ತು. ಗಂಡನಿಗೆ ಕೆಲಸ ಹೋಗಿ ಐದು ತಿಂಗಳಾಗಿತ್ತು. ಆದರೂ ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಸಿರಿಲ್ ಮಾಮ್, "ಬೇರೆ ಯಾರಿಗೂ ಬೈಬೇಡಿ. ನಾನೇ ಎಲ್ಲಿಯೋ ಇಟ್ಟಿದ್ದೇನೆ. ನೆನಪಾಗ್ತಾ ಇಲ್ಲ" ಎಂದುಬಿಟ್ಟರು.

ನಾನು ಬಾಯಿ ಮುಚ್ಚಿಕೊಂಡೆ.

ಒಂದೊಂದು ಹಿಡಿಕೆಯನ್ನೂ ಅವರು ಹಿತ್ತಾಳೆಯಲ್ಲಿ ಅರದಿಂದ ತಿಕ್ಕಿ ತಿಕ್ಕಿ ಹೊಸದಾಗಿ ಮಾಡಿದರು. ಅದಕ್ಕೆ ಎರಡು ತಿಂಗಳು ಹಿಡಿಯಿತು. ಕೆಲಸ ಮಾಡುವಾಗ ಗುನುಗುತ್ತಿದ್ದ ಇಗರ್ಜಿಯ ಹಾಡು ನಿಂತುಹೋಯಿತು. ಡಬ್ಬಿಗಳ ಮೇಲೆಲ್ಲ ಬಿಳಿ ಟೇಪು ಅಂಟಿಸಿ ಬರೆಯಲು ಶುರುಮಾಡಿದರು. ಬಿಗಿ ಮಾಡಿದ ಬೋಲ್ಟನ್ನೇ ಮೂರು ಸಲ ಬಿಗಿ ಮಾಡುವರು, ನಡುವೆ ನನ್ನನ್ನು ಕರೆದು, "ಬಾಯೆ, ನಾನು ಇದನ್ನು ಈಗ ತಾನೆ ನೋಡಿದ್ದು ಹೌದಲ್ಲ?" ಎಂದು ಕೇಳುವರು. ನಾನು ಹೌದು ಎನ್ನುತ್ತಿದ್ದೆ. ಇನ್ನೊಂದು ಮಾತು ನಾಲಗೆಯ ತುದಿಗೆ ಬಂದು ವಾಪಸು ಹೋಗುತ್ತಿತ್ತು. ತಡವಾದಷ್ಟೂ ಹೇಳುವುದು ಇನ್ನೂ ಕಷ್ಟವಾಯಿತು.

ಕೊನೆಗೆ ಒಂದು ಮಧ್ಯಾಹ್ನ ಮೇಲ್ಛಾವಣಿ ಸದ್ದಿಲ್ಲದೆ ಮೇಲೆದ್ದು, ಹಿಂದಕ್ಕೆ ಬಾಗಿ, ಮಡಚಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಿರಿಲ್ ಮಾಮ್ ಕೈ ಒರೆಸಿಕೊಂಡು ನೇರವಾಗಿ ಮಾಲೀಕರ ಕೋಣೆಗೆ ಹೋದರು.

"ಖಲಾಸ್. ನನ್ನ ವೀಸಾ ಕ್ಯಾನ್ಸಲ್ ಮಾಡಿ."

ಮಾಲೀಕರು ಬಹಳ ಹೇಳಿನೋಡಿದರು. "ನೆನಪು ಕೈಕೊಟ್ಟವನು ಬ್ರೇಕ್ ಮುಟ್ಟಬಾರದು. ಒಂದು ನಟ್ಟು ಮರೆತರೆ ಯಾರ ಜೀವ ಹೋಗ್ತದೋ" ಎಂಬುದಷ್ಟೇ ಸಿರಿಲ್ ಮಾಮ್ ಅವರ ಉತ್ತರ.

ಅವರು ಊರಿಗೆ ಹೊರಡುವ ಮೊದಲಿನ ವಾರ ನಾನು ಅಬುಧಾಬಿಗೆ ಹೋದೆ. ಟೂರಿಸ್ಟ್ ಕ್ಲಬ್ ಏರಿಯಾದ ಅವರ ಫ್ಲ್ಯಾಟಿನ ತುಂಬ ಕಟ್ಟಿಟ್ಟ ಪೆಟ್ಟಿಗೆಗಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಹೆಂಡತಿ ಹಿಲ್ಡಾ ಚಹಾ ತರಲು ಒಳಗೆ ಹೋದರು. ನಾನು ಕುಳಿತುಕೊಳ್ಳಲೂ ಇಲ್ಲ.

"ಮಾಮ್, ಆ ಪೆಟ್ಟಿಗೆಯನ್ನು ನೀವು ಕಳೆಯಲಿಲ್ಲ. ಗುಜರಿಗೆ ಹಾಕಿದ್ದು ನಾನು. ನಿಮ್ಮ ನೆನಪಿಗೆ ಏನೂ ಆಗಿಲ್ಲ."

ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ನಕ್ಕರು.

"ನೀನು ಒಳ್ಳೆಯವಳು ಬಾಯೆ. ಡಾಕ್ಟ್ರೂ ಹಾಗೇ ಹೇಳಿದ್ರು, ಎಂತ ಇಲ್ಲ ಅಂತ. ನನ್ನ ಸಮಾಧಾನಕ್ಕೆ ನೀನು ಸುಳ್ಳು ಹೇಳೂದು ಬೇಡ."

"ಸುಳ್ಳಲ್ಲ ಮಾಮ್. ಆಣೆ ಮಾಡಿ ಹೇಳ್ತೀನಿ."

"ಆಣೆಗೀಣೆ ಬೇಡ. ನಿನ್ನದೇ ತಪ್ಪಾಗಿದ್ರೆ ಆ ದಿನವೇ ಹೇಳ್ತಿದ್ದೆ ನೀನು. ನಂಗೆ ಗೊತ್ತುಂಟಲ್ಲ ನಿನ್ನನ್ನು?" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು.

ಅಡುಗೆಮನೆಯ ಬಾಗಿಲಲ್ಲಿ ಹಿಲ್ಡಾ ತಟ್ಟೆ ಹಿಡಿದು ನಿಂತಿದ್ದರು. ಅವರು ಮಾತ್ರ ನನ್ನ ಮಾತನ್ನು ನಂಬಿದ್ದರು. ಚಹಾ ಆದ ಮೇಲೆ ನನ್ನ ಜೊತೆ ಲಿಫ್ಟಿನವರೆಗೆ ಬಂದು ಗುಂಡಿ ಒತ್ತಿದರು.

"ದಿನಕ್ಕೆ ಹತ್ತು ಸಲ ಗ್ಯಾಸ್ ಬಂದ್ ಉಂಟಾ ಅಂತ ನೋಡ್ತಾರೆ. ಇಗರ್ಜಿಗೆ ಹೋಗುವಾಗ ನನ್ನ ಕೈ ಹಿಡ್ಕೊಳ್ತಾರೆ, ದಾರಿ ತಪ್ಪೀತು ಅಂತ" ಎಂದರು. ಮತ್ತೆ ನನ್ನತ್ತ ತಿರುಗಿ, "ಮೊದಲೇ ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

ಲಿಫ್ಟ್ ಬಂತು. ನಾನು ಒಳಗೆ ಹೋದೆ.

ಸಿರಿಲ್ ಮಾಮ್ ಈಗ ಊರಿನಲ್ಲಿ, ಕಿನ್ನಿಗೋಳಿಯ ಹತ್ತಿರ ಇದ್ದಾರೆ. ನೆರೆಯವರು ಕೆಟ್ಟ ಸ್ಕೂಟರ್ ತಳ್ಳಿಕೊಂಡು ಬಂದರೆ, "ನನಗೀಗ ಆಗುದಿಲ್ಲ, ಮರೆತು ಹೋಗ್ತದೆ" ಎಂದು ಗೇಟಿನಿಂದಲೇ ಕಳಿಸುತ್ತಾರಂತೆ.