ರೇನೊ ಲಾಹ್ತಿಯ ಹನ್ನೊಂದು ಸಾಲು

ಮಾರ್ಲಿಸ್ ಟ್ವೈಟ್ ಜಗಮೊಂಡಿ ಎಂಬುದರಲ್ಲಿ ಡುಲೂತ್ ಊರಿನಲ್ಲಿ ಎರಡು ಮಾತಿರಲಿಲ್ಲ. ಅದಿರು ತುಂಬುವ ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿ ನಿವೃತ್ತಳಾದವಳು. ಅದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವನ್ನೂ ಹಚ್ಚಿಕೊಂಡಿದ್ದಳು. ಸರೋವರದ ನೀರಿನ ಮಟ್ಟ ಅಳೆಯುವ ಒಂದು ಎಲೆಕ್ಟ್ರಾನಿಕ್ ಕಾರ್ಡಿಗಾಗಿ, ಕಂಪ್ಯೂಟರಿನ ಮೂಲ ತಂತ್ರಾಂಶವಾದ ಕರ್ನಲ್‌ನೊಳಗೆ ಪುಟ್ಟದೊಂದು ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಪ್ರೋಗ್ರಾಂ, ಇತ್ತು. ಅದರ ಉಸ್ತುವಾರಿ ಅವಳದು. ಅದನ್ನು ಮೊದಲು ಬರೆದವನು ರೇನೊ ಲಾಹ್ತಿ, ನಾಲ್ಕು ಗಂಟೆ ದಾರಿಯಾಚೆ ಹೋಟನ್‌ನವನು. ತಿಂಗಳಿಗೊಮ್ಮೆ ಇಬ್ಬರೂ ನಡುದಾರಿಯ ಐರನ್‌ವುಡ್‌ನಲ್ಲಿ ಸೇರಿ, ಮಾಂಸ-ಆಲೂಗಡ್ಡೆ ತುಂಬಿ ಬೇಯಿಸಿದ ಪಾಸ್ಟಿ ಎಂಬ ಕಡುಬು ತಿನ್ನುತ್ತ ಜಗಳವಾಡುತ್ತಿದ್ದರು.

"ಪಾಸ್ಟಿ ಮೇಲೆ ಗ್ರೇವಿ ಸುರ್ಕೊಳ್ಳೋಳ ಮಾತು ನಾನ್ ಕೇಳ್ಬೇಕಾ?" ಎನ್ನುವನು ರೇನೊ.

"ಕೇಳ್ಲೇಬೇಕು ಕಣೋ. ನೀನು ಏನೇ ಬರಿ, ಒಳಗೆ ಸೇರ್ಸೋ ಕೈ ನಂದು."

ಆ ಐರನ್‌ವುಡ್ ಊಟ ನಿಂತು ಮೂರು ವರ್ಷವಾಗಿತ್ತು. ರೇನೊನ ಶ್ವಾಸಕೋಶ ಕೆಟ್ಟಿದೆ ಎಂದು ಈ ವಸಂತದಲ್ಲಿ ಯಾರೋ ಹೇಳಿದಾಗ ಮಾರ್ಲಿಸ್‌ಗೆ ಊಟ ಸೇರಲಿಲ್ಲ. ಆದರೂ ಬರೆಯಲಿಲ್ಲ. ತಪ್ಪು ಮಾಡಿದವನು ಅವನು, ಮೊದಲು ಅವನೇ ಬರೆಯಲಿ ಎಂಬ ಬಿಗುಮಾನ. ಅವನಿಗೆ ಉಸಿರಿರುವಾಗಲೇ ಇನ್ನೊಮ್ಮೆ ಎದುರು ಕೂತು ಜಗಳವಾಡಬೇಕೆಂಬ ಆಸೆ ಮಾತ್ರ ಒಳಗೊಳಗೇ ಕೊರೆಯುತ್ತಿತ್ತು.

ಇಬ್ಬರ ನಡುವೆ ಮಾತು ಬಿಟ್ಟದ್ದು ಹೀಗೆ. ಡ್ರೈವರನ್ನು ಕರ್ನಲ್‌ನಿಂದ ತೆಗೆಯಲು ಹೋದರೆ ಯಂತ್ರ ಕಲ್ಲಾಗಿ ಕೂರುತ್ತಿತ್ತು. ತೆಗೆಯುವ ಕೆಲಸ ಒಂದು ಲಾಕ್, ಅಂದರೆ ಒಂದು ಸಲಕ್ಕೆ ಒಬ್ಬರಿಗೇ ಸಿಗುವ ಬೀಗ, ಹಿಡಿದುಕೊಂಡು, ಒಳಗೆ ಉಳಿದ ಕೊನೆಯ ಕೆಲಸ ಮುಗಿಯಲಿ ಎಂದು ಕಾಯುವುದು. ಆ ಕೊನೆಯ ಕೆಲಸಕ್ಕೋ ಅದೇ ಲಾಕ್ ಬೇಕು. ಬಚ್ಚಲಿಗೆ ಒಳಗಿಂದ ಚಿಲಕ ಹಾಕಿಕೊಂಡು, ಬಿಸಿನೀರು ತರುವವರು ಯಾಕೆ ಬರಲಿಲ್ಲ ಎಂದು ಕೂತಂತೆ. ಮಾರ್ಲಿಸ್ ಎಲ್ಲರೂ ಓದುವ ಮೇಲ್ ಪಟ್ಟಿಯಲ್ಲಿಯೇ ಬರೆದಳು: "ಇದು ರೇನೊ ಮಾಡಿಟ್ಟ ಅವಾಂತರ. ತೆಗೆಯೋಕೆ ಬರ್ದೇ ಇರೋರು ಹಾಕೋಕೆ ಹೋಗ್ಬಾರ್ದು."

ರೇನೊ ಮರುದಿನ ಹನ್ನೊಂದು ಸಾಲಿನ ತಿದ್ದುಪಡಿ ಕಳಿಸಿದ. ಲಾಕ್ ಬಿಟ್ಟು ಆಮೇಲೆ ಕಾಯಬೇಕು ಎನ್ನುವುದು ಅದರ ಸಾರ. ಲಾಕ್ ಬಿಡುವ ಸಾಲು ಕಣ್ಣಿಗೆ ಬಿದ್ದದ್ದೇ ತಡ, ಮಾರ್ಲಿಸ್ ಉರಿದುಬಿದ್ದಳು. "ಬಿಟ್ರೆ ಮಧ್ಯದಲ್ಲಿ ಹೊಸ ಕೆಲಸ ನುಗ್ಗುತ್ತೆ. ಇಷ್ಟೂ ಗೊತ್ತಾಗಲ್ವಾ? ಬೇಡ." ಎಂದು ಬರೆದು, ಆ ಡ್ರೈವರನ್ನು ತೆಗೆಯಲೇ ಆಗದಂತೆ ಅಡ್ಡ ಹಾಕಿಬಿಟ್ಟಳು. ಅಂದಿನಿಂದ ರೇನೊನಿಂದ ಒಂದಕ್ಷರವೂ ಬರಲಿಲ್ಲ.

ಈ ಅಕ್ಟೋಬರಿನಲ್ಲಿ ನೀರಿನ ಮಟ್ಟ ನೋಡುವ ಡೆನಿಸ್ ಫೋನ್ ಮಾಡಿದ. ಅವನ ಯಂತ್ರ ಇರುವುದು ನಡುನೀರಿನ ಹಳೆಯ ದೀಪಸ್ತಂಭದಲ್ಲಿ.

"ಕಾರ್ಡ್ ಕೈಕೊಟ್ಟಾಗ ಡ್ರೈವರ್ ತೆಗೆದು ಮತ್ತೆ ಹಾಕ್ಬೇಕು ಅಂದ್ರೆ ಪೂರ್ತಿ ಯಂತ್ರಾನೇ ಆರಿಸ್ಬೇಕು. ಒಂದ್ಸಲ ಆರಿಸಿದ್ರೆ ಅದು ಏಳುತ್ತೋ ಇಲ್ವೋ. ನಾಳೆ ನೀರು ಹೆಪ್ಪುಗಟ್ಟಿದ್ಮೇಲೆ ದೋಣೀಲಿ ಹೋಗೋಕಾಗುತ್ತಾ? ನೀವು ಹಾಕಿದ ಅಡ್ಡ ನೀವೇ ತೆಗೀರಿ."

ಮಾರ್ಲಿಸ್ ಗೊಣಗುತ್ತಲೇ ಅಡ್ಡ ತೆಗೆದು, ತನ್ನ ಯಂತ್ರದಲ್ಲಿ ಪರೀಕ್ಷೆಗೆ ಕೂತಳು. ಯಂತ್ರ ಮತ್ತೆ ಕಲ್ಲಾಯಿತು. ಲಾಕ್ ಹಿಡಿದೇ ಕಾಯುತ್ತಿದ್ದ ಸಾಲು ಈ ಸಲ ಸ್ಪಷ್ಟವಾಗಿ ಸಿಕ್ಕಿತು. ತಪ್ಪನ್ನು ತಿದ್ದಿದವರು, ಯಾವ ಹಳೆಯ ಬದಲಾವಣೆಯಿಂದ ಆ ತಪ್ಪು ಬಂತೆಂದು ಕೆಳಗೊಂದು ಸಾಲು ಬರೆಯಬೇಕು; ಕರ್ನಲ್ ಬರೆಯುವವರ ರೂಢಿ ಅದು. ರೇನೊನ ಯಾವ ಬದಲಾವಣೆ ನೋಡೋಣ ಎಂದು ಅವಳು ಯಾವ ಸಾಲು ಯಾರದೆಂಬ ಹಳೆಯ ದಾಖಲೆ ಕೆದಕಿದಳು. ಎಂಟು ವರ್ಷದ ಹಿಂದೆ ಆ ಲಾಕನ್ನು ಅಲ್ಲಿಗೆ ತಂದು ಹಾಕಿದ ಬದಲಾವಣೆಯ ಮೇಲೆ ಅವಳದೇ ಹೆಸರಿತ್ತು.

ಮಾರ್ಲಿಸ್ ರೇನೊನ ಹಳೆಯ ಮೇಲ್ ಹುಡುಕಿ ತೆಗೆದಳು. ಲಾಕ್ ಬಿಡುವುದಕ್ಕೂ ಮೊದಲು, ಎಲ್ಲಕ್ಕಿಂತ ಮೇಲೆ, ಒಂದು ಸಾಲಿತ್ತು: ಡ್ರೈವರ್ ಹೊರಟಿದೆ, ಇನ್ನು ಹೊಸ ಕೆಲಸ ಒಪ್ಪಿಕೊಳ್ಳಬೇಡ ಎಂಬ ಗುರುತು. ಹೊಸದು ನುಗ್ಗಲು ದಾರಿಯೇ ಇರಲಿಲ್ಲ. ಅವಳು ಆ ಸಾಲನ್ನು ಓದಿರಲೇ ಇಲ್ಲ. ಕೆಳಗೆ ನೋಡಿದರೆ, ತಪ್ಪು ಯಾರ ಬದಲಾವಣೆಯಿಂದ ಬಂತು ಎಂದು ಹೇಳುವ ಸಾಲೇ ಇಲ್ಲ. ರೂಢಿಯಲ್ಲಿ ಕೂದಲೆಳೆಯಷ್ಟೂ ತಪ್ಪದ ರೇನೊ ಅದೊಂದನ್ನು ಬಿಟ್ಟಿದ್ದ. ಎಲ್ಲರೆದುರು ತನ್ನ ಮಾನ ಕಳೆದವಳ ಹೆಸರನ್ನು ಅವನು ಎಲ್ಲರೆದುರು ಎತ್ತಿರಲಿಲ್ಲ.

ಕೋಟು ಹಾಕಿಕೊಂಡೇ ಹೋಟನ್‌ಗೆ ಫೋನ್ ಮಾಡಿದಳು. ಎತ್ತಿದ್ದು ರೇನೊನ ಅಕ್ಕ ಐಲಿ.

"ಐಲಿ, ನಾನು ಮಾರ್ಲಿಸ್. ಈಗ್ಲೇ ಹೊರಟಿದೀನಿ, ಸಂಜೆಗೆ ಅಲ್ಲಿರ್ತೀನಿ. ಅವನಿಗೆ ಹೇಳು."

"ಯಾರಿಗೆ ಹೇಳ್ಲಿ ಮಾರ್ಲಿಸ್? ಅವನು ಹೋಗಿ ಮೂರು ವಾರ ಆಯ್ತಲ್ಲ. ನಿಂಗೆ ಯಾರೂ ತಿಳಿಸ್ಲಿಲ್ವಾ?"

ಮಾರ್ಲಿಸ್ ಕೋಟು ಬಿಚ್ಚಿ ಮೆಟ್ಟಿಲ ಮೇಲೆ ಕೂತಳು.

"ನಾನು ಅವನನ್ನ ಬೈದಿದ್ದೂ ಬೈದಿದ್ದೇ," ಎಂದಳು ಐಲಿ. "ನೀನೇ ಒಂದು ಫೋನ್ ಮಾಡ್ಬಾರ್ದಾ, ಗಂಟೇನು ಹೋಗುತ್ತೆ ಅಂತ. ಕೇಳ್ಲಿಲ್ಲ. 'ಅವಳು ದುಡುಕಿ, ಆದ್ರೆ ಓದ್ದೇ ಬಿಡೋಳಲ್ಲ. ಓದಿದ ದಿನ ತಾನೇ ಬರ್ತಾಳೆ' ಅನ್ನೋನು. ಕೊನೇ ವಾರ ಕಣ್ಣು ಮಂಜಾಗಿತ್ತು, ಮೇಲ್ ಬಂದಿದ್ಯಾ ನೋಡು ಅಂತ ದಿನಾ ನನ್ ಕೈಲಿ ನೋಡಿಸ್ತಿದ್ದ."

ಮಾರ್ಲಿಸ್ ಗಟ್ಟಿಯಾಗಿ ಅತ್ತಳು. ಐಲಿ ಫೋನ್ ಇಡದೆ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಹನ್ನೊಂದು ಸಾಲನ್ನೂ ಒಂದಕ್ಷರ ಬದಲಿಸದೆ, ರೇನೊನ ಹೆಸರಿನಲ್ಲೇ ಒಳಗೆ ಸೇರಿಸಿದಳು. ಡ್ರೈವರ್ ಕಣ್ಣು ಮಿಟುಕಿಸುವುದರೊಳಗೆ ಹೊರಬಂತು. ನೂರು ಸಲ ಹಾಕಿ ನೂರು ಸಲ ತೆಗೆದಳು, ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ. ಅವನು ಬಿಟ್ಟಿದ್ದ ಸಾಲನ್ನು ತಾನೇ ತುಂಬಿದಳು: ತಪ್ಪು ಬಂದದ್ದು ಮಾರ್ಲಿಸ್ ಟ್ವೈಟ್‌ಳ ಬದಲಾವಣೆಯಿಂದ. ಅದರ ಕೆಳಗೆ ಬರೆದಳು: ಈ ತಿದ್ದುಪಡಿ ಮೂರು ವರ್ಷದ ಹಿಂದೆಯೇ ಸರಿಯಿತ್ತು, ನಾನು ಓದಲಿಲ್ಲ.

ಮೇಲ್ ಪಟ್ಟಿಗೆ ಕಳಿಸುವ ಮುಂಚೆ ಯಂತ್ರ ಎಂದಿನಂತೆ ಆ ಡ್ರೈವರಿನಲ್ಲಿ ಕೈಯಾಡಿಸಿದವರ ವಿಳಾಸಗಳನ್ನು ತಾನೇ ಜೋಡಿಸಿಕೊಟ್ಟಿತು. ಮೊದಲನೆಯದು ರೇನೊನದು. ಅಳಿಸಲು ಅವಳಿಗೆ ಕೈ ಬರಲಿಲ್ಲ. ಹಾಗೇ ಕಳಿಸಿದಳು.