ಹೊಳೆಗೆ ತೊಡಿಸಿದ ತಗಡಿನ ಬಳೆ

ಹೊಳೆಯ ಮರಳನ್ನು ನಗರ ಹೊತ್ತು ತಂದುದರ ಕೆಟ್ಟ ಫಲವನ್ನು ಅನುಭವಿಸಿದವರು ಆ ಮರಳಿನಿಂದ ಮನೆ ಕಟ್ಟಿಕೊಂಡವರಲ್ಲ. ದಂಡೆಯ ಕೇರಿಯ ಹೆಂಗಸರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದೆ ಹೇಳಲಿರುವುದು ಹೆಚ್ಚುಪಾಲು ಕೃತಜ್ಞತೆಯ ಮಾತು, ಮತ್ತು ನಮ್ಮಂಥವರು ಕೃತಜ್ಞತೆ ಸೂಚಿಸಿದೊಡನೆ ತಪ್ಪಿತಸ್ಥರು ಅದನ್ನೇ ಕ್ಷಮೆಯೆಂದು ಎಣಿಸಿಬಿಡುತ್ತಾರೆ. ಹೊರಮಾವಿನಲ್ಲಿ ನನ್ನ ಮನೆಯೆದುರು ಹೊಸದೊಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಅಲ್ಲಿ ಸುರಿದಿದ್ದ ಮರಳಿನ ಗುಡ್ಡೆಯ ಮೇಲೆ ಒಂದು ಬೆಳಿಗ್ಗೆ ಮಳೆ ಬಿದ್ದು, ಹಸಿ ಮರಳಿನ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ತಣ್ಣಗಿನ, ಕಲ್ಲಂಗಡಿ ಸಿಪ್ಪೆಯನ್ನು ನೆನಪಿಸುವ ವಾಸನೆ. ಒಲೆಯನ್ನು ಆರಿಸಿ, ಬೈಯಪ್ಪನಹಳ್ಳಿಯಲ್ಲಿ ಮಗನ ಜೊತೆಗಿರುವ ಮುನಿಯತ್ತೆಗೆ ಫೋನು ಮಾಡಿ ಹೇಳಿದೆ. ಅವರು, "ನನ್ನ ಕರ್ಕೊಂಡೋಗಮ್ಮಿ. ಒಂದ್ ಸತಿ ಹೊಳೇಗಿಳಿದು ಮರಳು ಮುಟ್ಟಿ ಬರ್ತೀನಿ, ಸಾಕು" ಎಂದರು.

ಮುನಿಯಮ್ಮ ನಮ್ಮಪ್ಪನ ಅಕ್ಕ. ಅಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರಿಂದ ನಾವು ಹಲಸೂರಿನ ವಠಾರದಲ್ಲಿದ್ದೆವು. ಅತ್ತೆ ಮಾತ್ರ ಕೆ.ಆರ್. ಪುರದಾಚೆ, ದಕ್ಷಿಣ ಪಿನಾಕಿನಿಯ ದಂಡೆಯಲ್ಲಿ, ಊರಿನಿಂದ ಪ್ರತ್ಯೇಕವಾಗಿದ್ದ ನಮ್ಮ ಕೇರಿಯಲ್ಲಿ ಉಳಿದರು. ಮನೆಯವರೆಲ್ಲ ಬೌದ್ಧಧರ್ಮವನ್ನು ಸ್ವೀಕರಿಸಿದ ಮೇಲೆ ಪ್ರತಿ ವರ್ಷ ಬುದ್ಧ ಪೂರ್ಣಿಮೆಗೆ ಅಲ್ಲಿಗೆ ಹೋಗುವುದು ನಮ್ಮ ಪದ್ಧತಿಯಾಯಿತು. ಕೆಂಪು ಬಸ್ಸಿನಿಂದಿಳಿದು ಹೊಂಗೆ ಮರಗಳ ಸಾಲಿನಲ್ಲಿ ನಡೆದರೆ ಮೊದಲು ಅತ್ತೆಯ ಆಡುಗಳ ವಾಸನೆ, ಆಮೇಲೆ ಬೆಲ್ಲದ ಪಾಯಸದ ವಾಸನೆ, ಕೊನೆಗೆ ಅತ್ತೆಯ ದನಿ. ನಾಡಹೆಂಚಿನ ಆ ಪುಟ್ಟ ಮನೆಯ ಹಿತ್ತಿಲು ಎಲ್ಲಿ ಮುಗಿಯುತ್ತದೆ, ಹೊಳೆ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದೇ ಕಷ್ಟವಾಗಿತ್ತು. ಬೇಸಿಗೆಯಲ್ಲಿ ಹೊಳೆಯೆಂದರೆ ನೀರಲ್ಲ, ಅಗಲಕ್ಕೆ ಹಾಸಿದ ಬಿಳಿಯ ಮರಳು. ಅದನ್ನು ತೋಡಿದರೆ ತಳದಲ್ಲಿ ನೀರು ಜಿನುಗುತ್ತಿತ್ತು. ಅದೇ ಒರತೆ. ಊರಿನ ಬಾವಿಯನ್ನು ಮುಟ್ಟಲು ನಮಗೆ ಬಿಡುತ್ತಿರಲಿಲ್ಲ. ಅದು ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ. ಆದ್ದರಿಂದ ಕೇರಿಗೆ ಒರತೆಯೇ ಬಾವಿ. ಅದಕ್ಕೊಂದು ರೀತಿಯೂ ಇತ್ತು. ಮೊದಲು ಊರುವ ಕಲಕು ನೀರನ್ನು ಎತ್ತಿ ಚೆಲ್ಲಬೇಕು, ತಿಳಿಯಾಗುವವರೆಗೆ ಕಾಯಬೇಕು. ಹೊರಡುವಾಗ ಯಾರೂ ಒರತೆಯನ್ನು ಮುಚ್ಚುವಂತಿಲ್ಲ. ಮುಂದೆ ಬರುವವರಿಗಾಗಿ ಪಕ್ಕದಲ್ಲಿ ತೆಂಗಿನ ಚಿಪ್ಪೊಂದನ್ನು ಬೋರಲು ಹಾಕಿ ಹೋಗಬೇಕು.

ಒರತೆಯ ಅಂಚು ಮತ್ತೆ ಮತ್ತೆ ಕುಸಿಯುವುದನ್ನು ನೋಡಲಾರದೆ ಅಪ್ಪ ಒಂದು ಪೂರ್ಣಿಮೆಗೆ ತಗಡನ್ನು ಬಗ್ಗಿಸಿ, ಮೈಯೆಲ್ಲ ತೂತು ಕೊರೆದು, ತಳವಿಲ್ಲದ ಡ್ರಮ್ಮಿನಂಥದೊಂದನ್ನು ಮಾಡಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಅದನ್ನು ಉರುಳಿಸುತ್ತ ಮರಳಿಗಿಳಿದ ತಮ್ಮನನ್ನು ನೋಡಿ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಏನ್ಲಾ ಇದು, ಹೊಳೇಗೆ ಬಳೆ ತೊಡಿಸ್ತೀಯಾ?"

"ನಗು ನಗು. ನಾಳೆ ಬೆಳಿಗ್ಗೆ ನೀರು ತುಂಬ್ಕೊಳೋವಾಗ ನೋಡ್ಕೋ, ಆಮೇಲೆ ಮಾತಾಡು."

"ತೊಡಿಸಪ್ಪಾ. ಸೀಮಂತಕ್ಕೆ ಕೇರಿಯೋರ್ನೆಲ್ಲಾ ಕರೀತೀನಿ."

ಬಳೆ ಮರಳಿನಲ್ಲಿ ಕುಳಿತಿತು. ಅಮ್ಮ ಕಮರ್ಷಿಯಲ್ ಸ್ಟ್ರೀಟಿನಿಂದ ತಂದಿದ್ದ ತೆಳ್ಳನೆಯ ತುಂಡುಬಟ್ಟೆಯನ್ನು ಬಿಂದಿಗೆಯ ಬಾಯಿಗೆ ಕಟ್ಟಿದರು. ಮರುದಿನ ಬೆಳಿಗ್ಗೆ ತೂತುಗಳಿಂದ ಒಸರಿದ ನೀರಿನಲ್ಲಿ ಆಕಾಶ ದುಂಡಗೆ ಕಾಣುತ್ತಿತ್ತು. ಅತ್ತೆ ಬಗ್ಗಿ ಕುಡಿದರು, ಬಾಯಿ ಒರೆಸಿಕೊಂಡರು, ಹೊಗಳಲಿಲ್ಲ. ಪಾಯಸದ ಮೊದಲ ಬಟ್ಟಲನ್ನು ತಮ್ಮನಿಗೆ ಕೊಟ್ಟರು. ಅವರಿಬ್ಬರ ನಡುವೆ ಹೊಗಳಿಕೆ ಎಂದರೆ ಅಷ್ಟೇ.

ಮುಂದಿನೊಂದು ಬೇಸಿಗೆಯಲ್ಲಿ ಊರಿನ ಬಾವಿಯೇ ಬತ್ತಿತು. ನಾವು ಮರಳಿನ ಮೇಲೆ ಕೂತು ಪಾಯಸ ತಿನ್ನುತ್ತಿದ್ದಾಗ ಮೇಲಿನ ಬೀದಿಯ ಹೆಂಗಸರು ಬಿಂದಿಗೆ ಹಿಡಿದು ದಂಡೆಯ ಮೇಲೆ ಬಂದು ನಿಂತರು. ಇಳಿಯಲೂ ಆಗದು, ಮರಳಲೂ ಆಗದು. ಅಮ್ಮ ಎದ್ದು ದೂರ ಸರಿಯಲು ಹೋದರು. ಅತ್ತೆ ಸೆರಗು ಹಿಡಿದು ಕೂರಿಸಿದರು. "ಕೂತ್ಕಳಮ್ಮ. ಯಾಕೆ ಎದ್ದೇಳ್ಬೇಕು?" ಎಂದು, ದಂಡೆಯ ಕಡೆ ತಿರುಗಿ ಹೇಳಿದರು: "ಬನ್ನಿ, ಮೊಗ್ದುಕೊಳ್ಳಿ. ಆದ್ರೆ ಚಿಪ್ಪು ನಮ್ದು. ಅದ್ರಲ್ಲೇ ಮೊಗೀಬೇಕು." ಆ ಮಾತಿನಲ್ಲಿ ಸೇಡಿರಲಿಲ್ಲ, ಬಿಟ್ಟುಕೊಡುವಿಕೆಯೂ ಇರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಇಳಿದು ನಮ್ಮ ಚಿಪ್ಪಿನಿಂದಲೇ ಮೊಗೆದರು. ಹೊರಡುವಾಗ ಕೊನೆಯವರು ಅದನ್ನು ಬೋರಲು ಹಾಕಿ ಹೋದರು. ಸಮಾನತೆಯನ್ನು ಕುರಿತು ಅನಂತರ ನಾನು ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಅದರ ಮೊದಲ ಪಾಠವನ್ನು ಪಾಯಸದ ಬಟ್ಟಲು ಹಿಡಿದು ಆ ಮರಳಿನ ಮೇಲೆ ಕಲಿತೆ. ಅದಕ್ಕಾಗಿ ಆ ಹೊಳೆಗೆ, ಅತ್ತೆ, ಅಪ್ಪ ಇಬ್ಬರಿಗೂ ನಾನು ಸದಾ ಋಣಿ.

ಆಮೇಲೆ ಲಾರಿಗಳು ಬಂದವು. ಮರಳು ಹೋಯಿತು, ಅದರೊಡನೆ ಅಪ್ಪನ ಬಳೆಯೂ ಹೋಯಿತು, ಒರತೆ ಬತ್ತಿತು. ಮರಳಿದ್ದ ಕಡೆ ಗುಂಡಿ, ಗುಂಡಿಗಳಲ್ಲಿ ಮೇಲಿನ ಬಡಾವಣೆಗಳ ಕೊಳಚೆ. ಕೇರಿಯ ಹೆಂಗಸರು ಟ್ಯಾಂಕರಿನ ಹಿಂದೆ ಓಡತೊಡಗಿದರು. ಕೊನೆಗೆ ಹೊಳೆಯ ಕಣಿವೆಯನ್ನು ಉಳಿಸುವುದಕ್ಕೆಂದು ಉದ್ಯಾನ ಬಂದಿತು. ಅದಕ್ಕಾಗಿ ಕೇರಿಯನ್ನೇ ಎಬ್ಬಿಸಿದರು. ಬದಲಿ ನಿವೇಶನವೇನೋ ಸಿಕ್ಕಿತು, ಹೊಳೆ ಸಿಗಲಿಲ್ಲ. ಅಷ್ಟು ಹೊತ್ತಿಗೆ ಅಪ್ಪ, ಅಮ್ಮ ಇಬ್ಬರೂ ಇರಲಿಲ್ಲ.

ಫೋನಿನಲ್ಲಿ ಮಾತಾಡಿದ ಮರುವಾರ ಅತ್ತೆಯನ್ನು ಕರೆದುಕೊಂಡು ಹೋದೆ. ಅವರ ಅಡುಗೆಮನೆ ಇದ್ದಲ್ಲಿ ಕಾರುಗಳು ನಿಂತಿದ್ದವು. ಟಿಕೆಟ್ ಕೊಂಡು ಒಳಗೆ ಹೋದೆವು. ಹೊಂಗೆ ಸಾಲು ಹಾಗೆಯೇ ಇತ್ತು, ಹೂ ಉದುರಿ ನೆಲ ಬೆಳ್ಳಗಾಗಿತ್ತು. ನಗರದ ಮಕ್ಕಳು ಅದರ ಮೇಲೆ ಓಡುತ್ತಿದ್ದರು. ಆ ಓಟವನ್ನು ನೋಡಿ ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಸಾಲಿನ ಕೊನೆಯಲ್ಲಿ ತಂತಿಯ ಬೇಲಿ, ಬೇಲಿಯಲ್ಲೊಂದು ಸಣ್ಣ ಗೇಟು, ಗೇಟಿಗೆ ಬೀಗ. ಕಾವಲಿನ ಯುವಕ ಹತ್ತಿರ ಬಂದ.

"ಅಜ್ಜಿ, ಹೊಳೆ ಕಡೆ ಬಿಡಲ್ಲ. ಮಕ್ಕಳ ಆಟದ ಜಾಗ ಆ ಕಡೆ ಇದೆ, ಅಲ್ಲಿಗೆ ಹೋಗಿ."

"ನಾನು ಜಾರೋಬಂಡಿ ಆಡಕ್ಕೆ ಬಂದಿಲ್ಲಪ್ಪಾ. ನಮ್ ಹಿತ್ಲು ನೋಡಕ್ಕೆ ಬಂದೀನಿ."

ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. ಬೀಗದ ಕೈ ಆಫೀಸಿನಲ್ಲಿದೆ, ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ತನ್ನ ಕುರ್ಚಿಯನ್ನು ತಂದು ಬೇಲಿಯ ಪಕ್ಕಕ್ಕೆ ಹಾಕಿದ. ಅತ್ತೆ ಕೂತು ತಂತಿಯ ಕಣ್ಣುಗಳಲ್ಲಿ ಬೆರಳು ತೂರಿಸಿದರು. ಕೆಳಗೆ ಕಪ್ಪು ನೀರು, ಅದರ ಮೇಲೆ ನೊರೆ. ಆಚೆ ತಿರುವಿನಲ್ಲಿ ಮಾತ್ರ ಲಾರಿಗಳ ಕಣ್ಣಿಗೆ ಬೀಳದೆ ಉಳಿದ ಒಂದು ಸೀರೆಯಷ್ಟಗಲದ ಮರಳು. ಬಹಳ ಹೊತ್ತು ಅದನ್ನೇ ನೋಡಿ, "ಮರ ಉಳ್ಸವ್ರೆ. ಉಳಿಸಿದೋರ ಹೊಟ್ಟೆ ತಣ್ಣಗಿರ್ಲಿ" ಎಂದರು. ಮರಳು ಮುಟ್ಟುವ ಮಾತನ್ನು ಮತ್ತೆ ಎತ್ತಲಿಲ್ಲ. ಹೊರಡುವಾಗ ಚೀಲದಿಂದ ತೆಂಗಿನ ಚಿಪ್ಪೊಂದನ್ನು ತೆಗೆದರು. ಅದನ್ನು ತಂದಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ತಂತಿಯ ಕಣ್ಣು ಕಿರಿದು, ಚಿಪ್ಪು ತೂರಲಿಲ್ಲ. ಮತ್ತೆ ಚೀಲಕ್ಕೇ ಹಾಕಿಕೊಂಡರು.

ಉದ್ಯಾನದ ಆಡಳಿತ ಹೊತ್ತವರೇ, ಮರಗಳಿಗಾಗಿ ನಿಮಗೆ ವಂದನೆ. ಅತ್ತೆಯ ಹರಕೆಯನ್ನು ನಾನು ತಿದ್ದುವುದಿಲ್ಲ. ಆದರೆ ಹೊಳೆಯನ್ನು ಕೆಡಿಸಿದವರು ಕೇರಿಯವರಲ್ಲ, ಬೇಲಿಯ ಹೊರಗೆ ನಿಂತವರು ಮಾತ್ರ ಅವರೇ. ಮೇಲಿನಿಂದ ಹರಿದು ಬರುವ ಕೊಳಚೆಯನ್ನು ತಡೆಯಿರಿ. ಉಳಿದಿರುವ ಆ ಮರಳಿಗೆ ಇಳಿಯಲು ಮೆಟ್ಟಿಲು ಕಟ್ಟಿಸಿರಿ. ಹೊಂಗೆ ಸಾಲಿನ ಕೊನೆಯ ಗೇಟಿನ ಬೀಗವನ್ನು ಬರುವ ಬುದ್ಧ ಪೂರ್ಣಿಮೆಯೊಳಗೆ ತೆಗೆಯಿರಿ. ಎಬ್ಬಿಸಿದ ಮನೆಗಳವರಿಗೆ ಟಿಕೆಟ್ ಕೇಳದೆ ಹಗಲೆಲ್ಲ ತೆರೆದಿಡಿರಿ. ಚಿಪ್ಪನ್ನು ನಾವೇ ತರುತ್ತೇವೆ.