ಅಣ್ಣ ಆನ್ ಮಾಡಿದ್ದ ಕಂಪ್ಯೂಟರ್

ದೆವ್ವ, ಗಾಳಿ, ಸತ್ತವರು ಕರೆದರು ಎನ್ನುವ ಕಥೆಗಳನ್ನು ಕೇಳಿ ನಗುತ್ತಿದ್ದವನು ನಾನು. ಪೆನುಕೊಂಡದ ಕೋಟೆಯ ಮೇಲೆ ಯಾರೋ ನಡೆದಾಡುತ್ತಾರೆಂದ ಗೆಳೆಯನನ್ನು ವರ್ಷಗಟ್ಟಲೆ ಗೇಲಿ ಮಾಡಿದ್ದೇನೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ನಾನೂ ನಗುತ್ತಿದ್ದೆ.

ನನ್ನದು ಹಿಂದೂಪುರದಲ್ಲಿ ಜೆರಾಕ್ಸ್ ಅಂಗಡಿ. ಅಣ್ಣ ಕಲ್ಯಾಣದುರ್ಗದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ನನ್ನ ಅಂಗಡಿಯಲ್ಲಿ ಏನು ಕೆಟ್ಟರೂ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವನಿಗೆ ಹೇಳುವುದು, ಅವನು ಹೇಳಿದಂತೆ ಎರಡೂ ಕೈಯಲ್ಲಿ ಬಿಚ್ಚುವುದು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಅವನ ದನಿಯಿಲ್ಲದೆ ಒಂದು ಸ್ಕ್ರೂ ಕೂಡ ಬಿಚ್ಚಿದವನಲ್ಲ ನಾನು.

ಬೆಳುಗುಪ್ಪ, ಸೆಟ್ಟೂರು ಕಡೆಯಿಂದೆಲ್ಲ ಅವನಿಗೆ ಫೋನ್ ಬರುತ್ತಿತ್ತು. ಯಾರ ಮೆಷಿನ್ನಿಗೆ ಏನಾಗಿತ್ತೆಂದು ಮರೆಯಬಾರದೆಂದು ಆ ಕರೆಗಳನ್ನೆಲ್ಲ ರೆಕಾರ್ಡ್ ಮಾಡಿ, ಭಾನುವಾರಗಳಲ್ಲಿ ತನ್ನ ಕಂಪ್ಯೂಟರಿಗೆ ಹಾಕಿಡುತ್ತಿದ್ದ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅದನ್ನು ಆನ್ ಮಾಡಿ ಕುರ್ಚಿಯಲ್ಲಿ ಕುಳಿತವನು ಎದೆ ಹಿಡಿದುಕೊಂಡ. ಆಸ್ಪತ್ರೆ ಮುಟ್ಟುವವರೆಗೂ ಉಳಿಯಲಿಲ್ಲ.

ಅವನ ದನಿ ಅಂತ ಉಳಿದದ್ದು ಆ ಡಬ್ಬದೊಳಗೆ ಮಾತ್ರ. ಮಧ್ಯಾಹ್ನ ಕೆಲಸ ಮುಗಿಸಿ ಅತ್ತಿಗೆ ಒಂದೊಂದಾಗಿ ಹಾಕಿಕೊಂಡು ಕೇಳುತ್ತಿದ್ದರು. ಅದರಲ್ಲಿ ಒಲವಿನ ಮಾತೇನೂ ಇರಲಿಲ್ಲ. ಮೊದಲು ಸ್ವಿಚ್ ಹಾಕಿದ್ದೀರಾ ಎಂದು ತೆಲುಗಿನಲ್ಲಿ ಕೇಳುವುದು, ವೈರು ಸರಿಯಾಗಿ ಸಿಕ್ಕಿಸಿ ಎಂದು ಕನ್ನಡದಲ್ಲಿ ಬೈಯುವುದು, ಅಷ್ಟೇ. ಅತ್ತಿಗೆಗೆ ಅವೆಲ್ಲ ಬಾಯಿಪಾಠವಾಗಿದ್ದವು.

ಆ ಕಂಪ್ಯೂಟರನ್ನು ಅವರು ಆಫ್ ಮಾಡಿರಲೇ ಇಲ್ಲ. ಪರದೆ ಮಾತ್ರ ಆರಿಸುತ್ತಿದ್ದರು. ಕರೆಂಟ್ ಹೋದರೆ ಇನ್ವರ್ಟರ್ ಇತ್ತು. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ನಿಮ್ಮಣ್ಣ ಹಾಕಿದ್ದು ಕಣಪ್ಪ," ಎಂದರು. "ನನ್ ಕೈಯಾಗೆ ಆರ್ಸಕ್ಕಾಗಲ್ಲ."

ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಆದರೂ ಆಯುಧಪೂಜೆಯ ದಿನ ಅದೊಂದಕ್ಕೆ ಮಾತ್ರ ಧಾರಾಳವಾಗಿ ಅರಿಶಿನ ಕುಂಕುಮ ಇಟ್ಟಿದ್ದರು.

ಸಂಕ್ರಾಂತಿ ಹತ್ತಿರವಾದಾಗ ಅತ್ತಿಗೆಯ ಫೋನ್ ಬಂತು. ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಮಾಡಿಕೊಂಡು, ಆರಿ, ಮತ್ತೆ ಹತ್ತಿಲ್ಲವಂತೆ. ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಅತ್ತಿಗೆ ಹೊಸ್ತಿಲಲ್ಲಿ ಕುಳಿತಿದ್ದರು. ಒಲೆ ಹಚ್ಚಿರಲಿಲ್ಲ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. ನನಗೆ ಗೊತ್ತಿದ್ದ ನಾಲ್ಕಾರು ಉಪಾಯ ಒಂದು ಗಂಟೆಯಲ್ಲಿ ಮುಗಿದವು. ಅಪ್‌ಡೇಟಿನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು. ಡಿಸ್ಕ್ ಬಿಚ್ಚಿ ಬೇರೆ ಮೆಷಿನ್ನಿಗೆ ಹಾಕೋಣವೆಂದರೆ ಅಣ್ಣನ ದನಿ ನನ್ನ ಕೈಯಲ್ಲೇ ಹಾಳಾದೀತೆಂದು ಭಯ.

ಆಗ ಒಂದು ಕೆಲಸ ಮಾಡಿದೆ, ಹೇಳಲು ನಾಚಿಕೆಯಾಗುತ್ತದೆ. ಯಾರಿಗೂ ಫೋನ್ ಮಾಡದೆ, ಸುಮ್ಮನೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ. ಹಳೆಯ ಅಭ್ಯಾಸ. ಬಾಯಿ ತಾನಾಗಿಯೇ ಆಡಿತು.

"ಅಣ್ಣಾ, ಅಪ್‌ಡೇಟ್ ಆಗಿ ಮಲಿಕ್ಕಂಡೈತೆ. ಏನ್ ಮಾಡಿದ್ರೂ ಏಳ್ತಿಲ್ಲ. ಅತ್ತಿಗೆ ಒಲೆ ಕೂಡ ಹಚ್ಚಿಲ್ಲ ಕಣಣ್ಣಾ."

ಬೀದಿಯಲ್ಲಿ ಟೊಮೆಟೊ ಮಾರುವವನು ತೆಲುಗಿನಲ್ಲಿ ಕೂಗಿಕೊಂಡು ಹೋದ. ನನ್ನ ಕೈ ಅಣ್ಣನ ಮೇಜಿನ ಡ್ರಾಯರ್ ಎಳೆಯಿತು. ಅಲ್ಲಿ ಅಂಚು ಕಪ್ಪಾದ ಒಂದು ಅರ್ಧ ರಬ್ಬರ್ ಇತ್ತು, ಮಕ್ಕಳು ಪೆನ್ಸಿಲ್ ಅಳಿಸುವಂಥದ್ದು. ಅದರಲ್ಲಿ ಕಂಪ್ಯೂಟರಿನೊಳಗಿನ ಮೆಮೊರಿ ಪಟ್ಟಿಯ ಹಿತ್ತಾಳೆ ಬಣ್ಣದ ಅಂಚನ್ನು ಉಜ್ಜುವುದು ಅವನ ಪದ್ಧತಿ. ಪಟ್ಟಿ ಕಿತ್ತು ನೋಡಿದರೆ ಅದರ ತುಂಬ ಆಯುಧಪೂಜೆಯ ಕುಂಕುಮ. ಫ್ಯಾನ್ ಒಳಗೆ ಎಳೆದುಕೊಂಡಿತ್ತು. ಪಾಪ, ಅಪ್‌ಡೇಟಿನ ತಪ್ಪೇನೂ ಇರಲಿಲ್ಲ. ಆರಿಸದೆ ಇದ್ದದ್ದರಿಂದ ಅಷ್ಟು ದಿನ ಹೇಗೋ ನಡೆದಿತ್ತು, ಒಮ್ಮೆ ಆರಿದ ಮೇಲೆ ಮತ್ತೆ ಹತ್ತಲು ಕುಂಕುಮ ಬಿಡಲಿಲ್ಲ. ಉಜ್ಜಿ, ಒರೆಸಿ, ಮತ್ತೆ ಸಿಕ್ಕಿಸಿದೆ. ಎದ್ದು ಕುಳಿತಿತು.

ಇಲ್ಲಿಯವರೆಗೆ ವಿಚಿತ್ರವೇನೂ ಇಲ್ಲ. ರೆಕಾರ್ಡುಗಳು ಇವೆಯೋ ಇಲ್ಲವೋ ನೋಡಲು ಪರದೆಯ ಮೇಲಿನ ಸಾಲಿನಲ್ಲಿ ಕೊನೆಯದನ್ನು ಒತ್ತಿದೆ. ಅದರ ತಾರೀಖು ಅಣ್ಣ ಹೋಗುವ ಹಿಂದಿನ ವಾರದ್ದು. ಕೇಳಿದ್ದು ನನ್ನ ದನಿ. ಅಪ್‌ಡೇಟ್ ಆಗಿ ಮಲಿಕ್ಕಂಡೈತೆ, ಅತ್ತಿಗೆ ಒಲೆ ಕೂಡ ಹಚ್ಚಿಲ್ಲ. ಅದೇ ಮಾತು, ಅದೇ ದಣಿವು. ಹಿಂದೆ ಟೊಮೆಟೊದವನ ಕೂಗು.

ಆಮೇಲೆ ಅಣ್ಣ ಮಾತಾಡಿದ. "ಮೆಮೊರಿ ಕಿತ್ತು ರಬ್ಬರ್‌ನಾಗೆ ಉಜ್ಜು ಕಣ್ಲಾ, ಎದ್ದೇಳ್ತೈತೆ." ಅದರ ಹಿಂದೆಯೇ ಕೇಳಿದ: "ಅದ್ಯಾಕ್ಲಾ ನಿಮ್ಮತ್ತಿಗೆ ಒಲೆ ಹಚ್ಚಿಲ್ಲ? ನಾನಿಲ್ವೇನ್ಲಾ ಅಲ್ಲಿ?"

ಅಷ್ಟಕ್ಕೇ ರೆಕಾರ್ಡ್ ಮುಗಿಯಿತು.

ತಿರುಗಿ ನೋಡಿದರೆ ಅತ್ತಿಗೆ ಹಿಂದೆ ಬಂದು ನಿಂತಿದ್ದರು. ಇದನ್ನು ತಾವು ಯಾವತ್ತೂ ಕೇಳಿಲ್ಲವೆಂದರು. ಆದರೆ ಅವರು ಹೆದರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇನ್ನೊಂದ್ ಸಲ ಹಾಕಪ್ಪ," ಎಂದರು. ಆಮೇಲೆ ಎದ್ದು ಹೋಗಿ ಒಲೆ ಹಚ್ಚಿದರು.

ಅಣ್ಣ ಹೊರಗೆ ಹೋಗಿದ್ದಾಗ ಆ ಮನೆಯಿಂದಲೇ ನಾನು ಹಿಂದೆಂದೋ ಅವನಿಗೆ ಫೋನ್ ಮಾಡಿ ಮರೆತಿರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಟೊಮೆಟೊದವನು ದಿನವೂ ಬರುತ್ತಾನೆ. ಅಪ್‌ಡೇಟ್‌ಗಳೂ ಬರುತ್ತಲೇ ಇರುತ್ತವೆ. ಆದರೆ ಅಣ್ಣ ಇದ್ದಾಗ ಅತ್ತಿಗೆ ಒಲೆ ಹಚ್ಚದ ದಿನ ನನಗೆ ನೆನಪಿಲ್ಲ.

ಆ ಫೈಲು ಈಗಲೂ ಇದೆ, ನನ್ನ ಬಳಿಯೂ ಒಂದು ನಕಲು ಇದೆ. ಅಂಗಡಿಯಲ್ಲಿ ಏನಾದರೂ ಕೆಟ್ಟರೆ ಈಗಲೂ ಫೋನು ತಾನಾಗಿ ಭುಜಕ್ಕೆ ಏರುತ್ತದೆ. ಅವನ ದನಿ ಕೇಳಬೇಕೆಂದು ಜೀವ ಬಡಿದುಕೊಳ್ಳುತ್ತದೆ. ಆದರೆ ಬಾಯಿ ತೆರೆಯುವುದಿಲ್ಲ. ಅವನು ಒಂದು ಮಾತು ಕೇಳಿದ್ದಾನೆ, ನಾನಿನ್ನೂ ಉತ್ತರ ಕೊಟ್ಟಿಲ್ಲ. ನೀನಿಲ್ಲ ಕಣಣ್ಣಾ ಎಂದು ನನ್ನ ಬಾಯಿಂದ ಹೇಗೆ ಹೇಳಲಿ?